ದುರ್ಗದ ಬೆಟ್ಟಗಳು ಹುಟ್ಟಿದ ಬಗೆ

ಅಮರಕೋಶದಲ್ಲಿ ಬೆಟ್ಟಕ್ಕೆ ಹೆಸರುಗಳ ಬಡತನವಿಲ್ಲ. ಗಿರಿ, ಶೈಲ, ಪರ್ವತ ಎಂಬ ಬಳಕೆಯ ಮಾತುಗಳನ್ನು ಎಲ್ಲರೂ ಬಲ್ಲರು. ಅವುಗಳ ನಡುವೆ ಇನ್ನೆರಡು ಹೆಸರುಗಳುಂಟು. ಒಂದು ‘ಅಚಲ’, ಎಂದರೆ ಕದಲದೆ ಇರುವುದು. ಇನ್ನೊಂದು ‘ಅಹಾರ್ಯ’, ಎಂದರೆ ಯಾರಿಂದಲೂ ಹೊತ್ತೊಯ್ಯಲಾಗದ್ದು. ಕೋಶಕಾರ ಕಣ್ಣಿಗೆ ಕಂಡದ್ದನ್ನು ಹೇಳಿದ, ಅವನದೇನೂ ತಪ್ಪಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ ಚಿತ್ರದುರ್ಗದ ಜೋಗಿಮಟ್ಟಿ ಇದ್ದಲ್ಲಿಯೇ ಇದೆ. ಹೊಸದುರ್ಗದ ಬೆಟ್ಟ ಊರು ಬಿಟ್ಟು ಹೋಗಿಲ್ಲ. ಆದರೆ ಬೆಟ್ಟದ ಆಯುಸ್ಸನ್ನು ಮನುಷ್ಯನ ಆಯುಸ್ಸಿನಿಂದ ಅಳೆಯುವುದೆಂದರೆ, ಮಳೆಗಾಲದ ದೀಪದ ಹುಳು ಆಲದ ಮರದ ವಯಸ್ಸನ್ನು ಎಣಿಸಲು ಕುಳಿತ ಹಾಗೆ. ಕಾಲದ ಅಳತೆಗೋಲನ್ನು ಸ್ವಲ್ಪ ಉದ್ದ ಮಾಡಿಕೊಂಡರೆ ಈ ಎರಡು ಹೆಸರುಗಳೂ ನಿಲ್ಲುವುದಿಲ್ಲ. ಬೆಟ್ಟ ಹುಟ್ಟುವುದೇ ನೆಲ ಚಲಿಸುವುದರಿಂದ; ಹುಟ್ಟಿದ ಬೆಟ್ಟವನ್ನು ಮಳೆ ಗಾಳಿಗಳು ಹೊತ್ತೊಯ್ದೇ ತೀರುತ್ತವೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳ ಎಲ್ಲೆಯೊಳಗೇ ಸಾಕ್ಷಿಗಳು ಬಿದ್ದುಕೊಂಡಿವೆ.

ನಾನು ಕನ್ನಡ ಪಾಠ ಹೇಳುವವನು. ಭೂವಿಜ್ಞಾನ ನನ್ನ ಕಸುಬಲ್ಲ. ಆದರೆ ‘ದುರ್ಗ’ ಎಂದರೆ ಹೋಗುವುದಕ್ಕೆ ಕಷ್ಟವಾದ ಸ್ಥಳ ಎಂದು ತರಗತಿಯಲ್ಲಿ ಅರ್ಥ ಹೇಳಿದರೆ, “ಹಾಗಾದರೆ ಈ ಬಂಡೆಗಳನ್ನು ತಂದು ಪೇರಿಸಿದವರು ಯಾರು?” ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. ನಮ್ಮ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯಿದೆ. ಹಿಡಿಂಬಾಸುರ ಇಲ್ಲಿ ವಾಸವಾಗಿದ್ದನೆಂಬ ಕಥೆಯಿದೆ. ಬೆಟ್ಟಗಳಿಗೆ ಹಿಂದೆ ರೆಕ್ಕೆಗಳಿದ್ದವು, ಇಂದ್ರ ಅವನ್ನು ಕತ್ತರಿಸಿದ, ಹಿಮವಂತನ ಮಗ ಮೈನಾಕನೊಬ್ಬ ಸಮುದ್ರದಲ್ಲಿ ಅಡಗಿ ಉಳಿದುಕೊಂಡ ಎಂದು ಪುರಾಣ ಹೇಳುತ್ತದೆ. ಕಥೆ ಸೊಗಸಾಗಿದೆ. ಪುರಾಣಿಕರಿಗೆ ಎಲ್ಲವೂ ಮೊದಲೇ ಗೊತ್ತಿತ್ತೆಂದು ಸಾಧಿಸಲು ಮಾತ್ರ ನಾನು ಹೊರಟಿಲ್ಲ. ಕಥೆ ಮನಸ್ಸಿಗೆ; ಬಂಡೆ ಹೇಳುವ ಮಾತು ಬೇರೆ.

ಬೆಟ್ಟಗಳು ಹೇಗಾದವು ಎಂಬುದಕ್ಕೆ ಹಿಂದಿನ ಶತಮಾನಗಳ ವಿಜ್ಞಾನಿಗಳು ಕೊಡುತ್ತಿದ್ದ ಉತ್ತರ ಸರಳವಾಗಿತ್ತು. ಭೂಮಿ ಮೊದಲು ಬಿಸಿಯಾಗಿತ್ತು, ತಣ್ಣಗಾಗುತ್ತ ಕುಗ್ಗಿತು, ಒಣಗಿದ ನಿಂಬೆಯ ಹಣ್ಣಿನ ಸಿಪ್ಪೆಯಂತೆ ಅದರ ಮೈ ಸುಕ್ಕುಗಟ್ಟಿತು, ಆ ಸುಕ್ಕುಗಳೇ ಬೆಟ್ಟಗಳು ಎನ್ನುತ್ತಿದ್ದರು. ೧೯೧೨ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವೆಗೆನರ್ ಎಂಬಾತ ಇನ್ನೊಂದು ಮಾತು ಹೇಳಿದ. ಆಫ್ರಿಕದ ಪಡುವಣ ಕರೆಯೂ ದಕ್ಷಿಣ ಅಮೆರಿಕದ ಮೂಡಣ ಕರೆಯೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ; ಎರಡೂ ಕಡೆಯ ಬಂಡೆಗಳೂ ಜೀವಾವಶೇಷಗಳೂ ಒಂದೇ ಬಗೆಯವು; ಆದ್ದರಿಂದ ಖಂಡಗಳೆಲ್ಲ ಒಂದು ಕಾಲಕ್ಕೆ ಕೂಡಿಕೊಂಡಿದ್ದು ಆಮೇಲೆ ಸರಿದು ಬೇರೆಯಾದವು ಎಂಬುದು ಅವನ ವಾದ. ಖಂಡಗಳನ್ನು ಸರಿಸುವ ಬಲ ಯಾವುದೆಂದು ಕೇಳಿದವರಿಗೆ ಅವನು ತೃಪ್ತಿಯಾಗುವಂತೆ ಉತ್ತರ ಕೊಡಲಾರದೆ ಹೋದ. ಬಹು ಮಂದಿ ನಕ್ಕರು. ೧೯೩೦ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಅವನು ತೀರಿಕೊಂಡಾಗ ಅವನ ಮಾತನ್ನು ನಂಬಿದವರು ಕೆಲವರೇ.

ಅವನ ಪರವಾಗಿ ಸಾಕ್ಷಿ ಬಂದದ್ದು ನೆಲದಿಂದಲ್ಲ, ಕಡಲ ತಳದಿಂದ. ಎರಡನೆಯ ಮಹಾಯುದ್ಧದ ತರುವಾಯ ಸಮುದ್ರದ ಆಳವನ್ನು ಅಳೆದವರಿಗೆ ಸಾಗರಗಳ ಮಧ್ಯದಲ್ಲಿ ಮುಳುಗಿದ ಬೆಟ್ಟಸಾಲುಗಳು ಕಂಡವು. ಆ ಸಾಲುಗಳ ನಡುವಿನ ಬಿರುಕಿನಿಂದ ಕರಗಿದ ಬಂಡೆ ಉಕ್ಕಿ, ಗಟ್ಟಿಯಾಗಿ, ಎರಡು ಕಡೆಗೂ ಸರಿಯುತ್ತದೆ ಎಂದು ೧೯೬೨ರಲ್ಲಿ ಹ್ಯಾರಿ ಹೆಸ್ ಬರೆದ. ಮರುವರ್ಷ ವೈನ್ ಮತ್ತು ಮ್ಯಾಥ್ಯೂಸ್ ಎಂಬಿಬ್ಬರು ಅದಕ್ಕೆ ಪುರಾವೆಯನ್ನು ಹೇಗೆ ಓದಬೇಕೆಂದು ತೋರಿಸಿದರು. ಕಾಲಕಾಲಕ್ಕೆ ಭೂಮಿಯ ಅಯಸ್ಕಾಂತದ ಉತ್ತರ ದಕ್ಷಿಣಗಳು ಅದಲು ಬದಲಾಗುತ್ತವೆ. ಬಂಡೆ ಗಟ್ಟಿಯಾಗುವಾಗ ಆಗಿನ ದಿಕ್ಕನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಸಾಗರದ ನಡುಸಾಲಿನ ಎರಡು ಮಗ್ಗುಲಿಗೂ ಈ ಗುರುತುಗಳು ಸೀರೆಯ ಎರಡು ಅಂಚುಗಳಂತೆ ಸರಿಸಮನಾಗಿ ಮೂಡಿದ್ದವು. ೧೯೬೦ರ ದಶಕ ಮುಗಿಯುವ ಹೊತ್ತಿಗೆ ಇವೆಲ್ಲ ಸೇರಿ ಒಂದು ಶಾಸ್ತ್ರವಾಯಿತು. ಅದೇ ಭೂಫಲಕಗಳ ಚಲನೆಯ ಶಾಸ್ತ್ರ.

ಭೂಫಲಕ ಎಂದರೇನು? ನಮ್ಮ ಹೊಸದುರ್ಗದ ಕಡೆಯ ತೆಂಗಿನಕಾಯಿಯೊಂದನ್ನು ನೆನೆದುಕೊಳ್ಳಿ. ನೀರಿನ ಜಾಗದಲ್ಲಿ ಕಬ್ಬಿಣದ ಗರ್ಭ, ಕೊಬ್ಬರಿಯ ಜಾಗದಲ್ಲಿ ಬಿಸಿಬಂಡೆಯ ದಪ್ಪ ಪದರ, ಮೇಲೆ ಚಿಪ್ಪು. ಈ ಚಿಪ್ಪು ಅಖಂಡವಾಗಿಲ್ಲ. ಹತ್ತು ಹನ್ನೆರಡು ದೊಡ್ಡ ಹೋಳುಗಳೂ ಹಲವು ಚಿಕ್ಕ ಹೋಳುಗಳೂ ಆಗಿ ಒಡೆದಿದೆ. ಒಂದೊಂದು ಹೋಳೂ ಸುಮಾರು ನೂರು ಕಿಲೋಮೀಟರು ದಪ್ಪ. ಇವೇ ಫಲಕಗಳು. ಕೆಳಗಿನ ಪದರ ಬಂಡೆಯೇ ಆದರೂ ಡಾಂಬರಿನ ಉಂಡೆಯ ಸ್ವಭಾವದ್ದು. ಡಾಂಬರಿನ ಉಂಡೆಯನ್ನು ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತದೆ. ಬಿಸಿಲಿನಲ್ಲಿ ಸುಮ್ಮನೆ ಬಿಟ್ಟರೆ ದಿನ ಕಳೆದಂತೆ ತಾನೇ ಹರಡುತ್ತದೆ. ಒಳಗಿನ ಕಾವಿನಿಂದ ಆ ಪದರ ನಿಧಾನವಾಗಿ ಏರಿಳಿಯುತ್ತದೆ. ತಣ್ಣಗಾಗಿ ತೂಕವಾದ ಫಲಕದ ಅಂಚು ಕೆಳಗೆ ಮುಳುಗುವಾಗ ತನ್ನ ಹಿಂದಿನ ಭಾಗವನ್ನೂ ಎಳೆದುಕೊಳ್ಳುತ್ತದೆ. ವೆಗೆನರನನ್ನು ಕೇಳಿದ ಪ್ರಶ್ನೆಗೆ ಉತ್ತರ ಇದು. ವೇಗವೆಷ್ಟು ಎಂದರೆ, ಹೆಚ್ಚು ಕಡಮೆ ನಮ್ಮ ಬೆರಳಿನ ಉಗುರು ಬೆಳೆಯುವಷ್ಟು. ಭಾರತದ ಫಲಕ ಇಂದಿಗೂ ವರ್ಷಕ್ಕೆ ಸುಮಾರು ೫ ಸೆಂಟಿಮೀಟರಿನಂತೆ ಈಶಾನ್ಯದತ್ತ ಸಾಗುತ್ತಿದೆ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆಯಷ್ಟೆ. ನಾಲ್ಕನೆಯ ಶತಮಾನದಲ್ಲಿ ಅದನ್ನು ಕೆತ್ತಿದ ದಿನದಿಂದ ಇಂದಿನವರೆಗೆ ಇದೇ ಲೆಕ್ಕದಲ್ಲಿ ಆ ಬಂಡೆ, ಅದರೊಡನೆ ಇಡೀ ದುರ್ಗ, ೮೦ ಮೀಟರಿನಷ್ಟು ಪಯಣ ಮಾಡಿದೆ.

ಎರಡು ಫಲಕಗಳು ಸಂಧಿಸುವ ಕಡೆ ಏನಾಗುತ್ತದೆ ಎಂಬುದನ್ನು ನನ್ನ ಕಸುಬಿನ ಮಾತಿನಲ್ಲಿಯೇ ಹೇಳುತ್ತೇನೆ. ನೀವೆಲ್ಲ ಶಾಲೆಯಲ್ಲಿ ಸಂಧಿಪ್ರಕರಣ ಓದಿದವರೇ. ‘ಮನೆ’ಯೂ ‘ಅನ್ನು’ವೂ ಕೂಡುವಾಗ ನಡುವೆ ಹೊಸದಾಗಿ ಒಂದು ಯಕಾರ ಬಂದು ‘ಮನೆಯನ್ನು’ ಆಗುತ್ತದೆ, ಇದು ಆಗಮಸಂಧಿ. ಸಾಗರದ ನಡುಸಾಲಿನಲ್ಲಿ ಎರಡು ಫಲಕಗಳ ನಡುವೆ ಹೊಸ ಬಂಡೆ ಬಂದು ಸೇರುವುದು ಇದೇ ಬಗೆ. ‘ಊರು’, ‘ಅಲ್ಲಿ’ ಕೂಡಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಮಾಯವಾಗುತ್ತದೆ, ಇದು ಲೋಪಸಂಧಿ. ತೂಕವಾದ ಸಾಗರದ ಫಲಕ ಹಗುರವಾದ ಫಲಕದ ಅಡಿಗೆ ನುಗ್ಗಿ ಲೋಪವಾಗುವ ಕಡೆ ಜ್ವಾಲಾಮುಖಿಗಳು ಸಾಲುಗಟ್ಟುತ್ತವೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು ಹೀಗೆ ಎದ್ದವು. ನಮ್ಮ ಅಂಡಮಾನಿನ ಬ್ಯಾರೆನ್ ದ್ವೀಪದ ಜ್ವಾಲಾಮುಖಿಯೂ ಇಂತಹದೇ ಸಂಧಿಯ ಫಲ. ೨೦೦೪ರ ಡಿಸೆಂಬರ್ ೨೬ರ ಸುನಾಮಿ ಎದ್ದದ್ದು ಆ ಅಂಚಿನಲ್ಲಿಯೇ. ಇನ್ನು ಕೆಲವು ಕಡೆ ಎರಡು ಫಲಕಗಳು ಹುಟ್ಟದೆ, ಸಾಯದೆ, ಒಂದರ ಮಗ್ಗುಲನ್ನೊಂದು ಉಜ್ಜಿಕೊಂಡು ಹೋಗುತ್ತವೆ. ಅದನ್ನು ಪ್ರಕೃತಿಭಾವವೆನ್ನೋಣ. ಕಡೆಯದು ಸವರ್ಣದೀರ್ಘ. ಒಂದೇ ಜಾತಿಯ ಎರಡು ಸ್ವರಗಳು ಕೂಡಿ ದೀರ್ಘವಾಗುವಂತೆ, ಒಂದೇ ತೂಕದ ಎರಡು ಖಂಡಗಳು ಹಾಯ್ದಾಗ ಯಾವುದೂ ಸುಲಭವಾಗಿ ಮುಳುಗದೆ, ನೆಲ ಮಡಿಸಿ, ಒಂದರ ಮೇಲೊಂದು ಏರಿ ದಪ್ಪವಾಗುತ್ತದೆ. ‘ಹಿಮ’ ಮತ್ತು ‘ಆಲಯ’ ಸೇರಿ ‘ಹಿಮಾಲಯ’ವಾಗುವುದು ಸವರ್ಣದೀರ್ಘ, ಆ ಪರ್ವತವಾದದ್ದೂ ಅಂತಹದೇ ಸಂಧಿಯಿಂದ.

ಹಿಮಾಲಯದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ನೆಲ ಒಂದು ಕಾಲಕ್ಕೆ ಆಫ್ರಿಕ, ಮಡಗಾಸ್ಕರ್, ಆಸ್ಟ್ರೇಲಿಯ, ಅಂಟಾರ್ಕ್ಟಿಕಗಳೊಡನೆ ಗೊಂಡ್ವಾನವೆಂಬ ಮಹಾಖಂಡದಲ್ಲಿ ಕೂಡಿತ್ತು. ಸುಮಾರು ೯ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರಿನಿಂದ ಬೇರೆಯಾಯಿತು; ಮಲ್ಪೆಯ ಹತ್ತಿರದ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಆ ಅಗಲಿಕೆಯ ಕಾಲದವು. ಆಮೇಲೆ ಬಡಗಣಕ್ಕೆ ಧಾವಿಸಿ, ಸುಮಾರು ೫ ಕೋಟಿ ವರ್ಷಗಳ ಹಿಂದೆ ಏಷ್ಯವನ್ನು ಹಾಯ್ದಿತು. ನಡುವೆ ಇದ್ದ ಟೆಥಿಸ್ ಎಂಬ ಸಮುದ್ರದ ತಳ ಮೇಲಕ್ಕೆದ್ದಿತು. ೨೦೨೦ರ ಅಳತೆಯಂತೆ ೮,೮೪೮.೮೬ ಮೀಟರು ಎತ್ತರದ ಎವರೆಸ್ಟ್ ಶಿಖರದ ನೆತ್ತಿಯಲ್ಲಿರುವುದು ಕಡಲ ತಳದ ಸುಣ್ಣಕಲ್ಲು. ಅದರಲ್ಲಿ ಕಡಲ ಜೀವಿಗಳ ಅವಶೇಷಗಳಿವೆ.

ಇಷ್ಟು ದೊಡ್ಡ ಭಾರ ನೆಲದೊಳಗೆ ಕುಸಿಯದೆ ನಿಂತಿರುವುದು ಹೇಗೆ? ಇದರ ಸುಳಿವು ದೊರೆತದ್ದೂ ನಮ್ಮ ದೇಶದಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ನೆಲವನ್ನು ಅಳೆದವರು, ಹಿಮಾಲಯ ತನ್ನ ಗಾತ್ರಕ್ಕೆ ತಕ್ಕಷ್ಟು ತೂಗುಗುಂಡನ್ನು ತನ್ನ ಕಡೆಗೆ ಎಳೆಯುತ್ತಿಲ್ಲವೆಂದು ಕಂಡರು. ೧೮೫೫ರಲ್ಲಿ ಏರಿ ಎಂಬ ಖಗೋಳ ವಿಜ್ಞಾನಿ ಇದಕ್ಕೆ ಕಾರಣ ಹೇಳಿದ: ಬೆಟ್ಟಕ್ಕೆ ಮೇಲೆ ತಲೆಯಿರುವಂತೆ ಕೆಳಗೆ ಬೇರೂ ಇದೆ, ಹಗುರವಾದ ಬಂಡೆಯ ಆ ಬೇರು ಭಾರವಾದ ಪದರದಲ್ಲಿ ಅದ್ದಿಕೊಂಡು ತೇಲುತ್ತದೆ. ತುಂಬಿದ ಹರಿಗೋಲು ನೀರಿನಲ್ಲಿ ಆಳಕ್ಕೆ ಇಳಿದಿರುತ್ತದೆ. ಮೂಟೆಗಳನ್ನು ಒಂದೊಂದಾಗಿ ಇಳಿಸಿದರೆ ಮೇಲಕ್ಕೆ ಏಳುತ್ತದೆ. ಈ ಹರಿಗೋಲನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ಕೋಟೆಯ ಬಂಡೆಗಳ ಕಥೆಗೆ ಅದು ಬೇಕು.

ಈಗ ನಮ್ಮ ಊರಿಗೆ ಬರೋಣ. ೫ ಕೋಟಿ ವರ್ಷದ ಹಿಮಾಲಯ ನಮ್ಮ ಬೆಟ್ಟಗಳ ಮುಂದೆ ತೊಟ್ಟಿಲ ಕೂಸು. ಭೂಮಿಗೆ ಸುಮಾರು ೪೫೪ ಕೋಟಿ ವರ್ಷ ವಯಸ್ಸು. ನಮ್ಮ ಬೆಟ್ಟಗಳ ಬಂಡೆಗಳಿಗೆ ೨೫೦ ಕೋಟಿ ವರ್ಷಗಳಿಗೆ ಕಡಮೆಯಿಲ್ಲ. ಗದಗಿನ ಕಡೆಯಿಂದ ಹೊರಟು, ಚಿತ್ರದುರ್ಗದ ಮೇಲೆ ಹಾಯ್ದು, ಶ್ರೀರಂಗಪಟ್ಟಣದ ಕಡೆಗೆ ನಾನೂರು ಕಿಲೋಮೀಟರಿಗೂ ಮಿಕ್ಕಿ ಉದ್ದಕ್ಕೆ ಹಬ್ಬಿದ ಒಂದು ಶಿಲಾಪಟ್ಟಿಯಿದೆ. ಇಂತಹ ಬಂಡೆಗಳಿಗೆ ಧಾರವಾಡದ ಹೆಸರನ್ನಿಟ್ಟವನು ರಾಬರ್ಟ್ ಬ್ರೂಸ್ ಫೂಟ್. ೧೮೯೪ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಹುಟ್ಟಿದ ಮೇಲೆ ಅಲ್ಲಿಯ ವಿದ್ವಾಂಸರು ಈ ಪಟ್ಟಿಯನ್ನು ಗುಡ್ಡಗುಡ್ಡವಾಗಿ ನಡೆದು ನೋಡಿ ನಕ್ಷೆ ಬರೆದರು. ನಮ್ಮ ನಾಲ್ಕು ತಾಲ್ಲೂಕುಗಳೂ ಈ ಪಟ್ಟಿಯ ಮೇಲೂ ಅದರ ಮಗ್ಗುಲಲ್ಲೂ ಇವೆ.

ಮೊದಲನೆಯ ಸಾಕ್ಷಿ ಮರಡಿಹಳ್ಳಿ. ಹಿರಿಯೂರು ತಾಲ್ಲೂಕಿನ ಐಮಂಗಲದ ಹತ್ತಿರದ ಊರು. ‘ಮರಡಿ’ ಎಂದರೆ ಚಿಕ್ಕ ಗುಡ್ಡ; ಗುಡ್ಡದಿಂದಲೇ ಊರಿಗೆ ಹೆಸರು ಬಂದಿದೆ. ಅಲ್ಲಿಯ ಬಂಡೆಗಳನ್ನು ನೋಡಿದರೆ ಯಾರೋ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿಟ್ಟಿದ್ದಾರೆನಿಸುತ್ತದೆ. ಉಬ್ಬಿದ ಮೈ, ದುಂಡಗಿನ ಅಂಚು, ಒಂದರ ಉಬ್ಬಿಗೆ ಇನ್ನೊಂದರ ತಗ್ಗು. ಕರಗಿದ ಬಂಡೆ, ಅಂದರೆ ಲಾವಾ, ನೀರಿನೊಳಗೆ ಉಕ್ಕಿದರೆ ಮಾತ್ರ ಇಂತಹ ರೂಪ ತಳೆಯುತ್ತದೆ. ಕಾದ ಎಣ್ಣೆಗೆ ಬಿಟ್ಟ ಹಿಟ್ಟಿನ ಉಂಡೆ ಸುತ್ತಲೂ ಗಟ್ಟಿಯಾಗಿ ಒಳಗೆ ಮೆತ್ತಗಿರುವಂತೆ, ತಣ್ಣೀರು ತಗುಲಿದೊಡನೆ ಲಾವಾದ ಹೊರಮೈ ಹೆಪ್ಪುಗಟ್ಟುತ್ತದೆ. ಒಳಗಿನದು ಒತ್ತಿ ಬಿರಿದು ಇನ್ನೊಂದು ದಿಂಬಾಗುತ್ತದೆ. ಹೀಗೆ ದಿಂಬಿನ ಮೇಲೆ ದಿಂಬು. ಇಂದಿಗೂ ಸಾಗರದ ತಳದಲ್ಲಿ ಇದೇ ಕ್ರಿಯೆ ನಡೆಯುತ್ತಿದೆ. ಆದ್ದರಿಂದ ಮಳೆಗೆ ಬಾಯಿಬಿಡುವ ನಮ್ಮ ಹಿರಿಯೂರಿನ ಸೀಮೆ ಒಂದು ಕಾಲಕ್ಕೆ ನೀರಿನ ತಳವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ೧೯೭೬ರಲ್ಲಿ ಈ ದಿಂಬುಗಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು.

ಎರಡನೆಯ ಸಾಕ್ಷಿ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ್ದು. ಅಲ್ಲಿಯ ಉಂಡೆಗಲ್ಲಿನ ಶಿಲೆಗೆ ಭೂವಿಜ್ಞಾನಿಗಳು ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಗಾರೆಯಲ್ಲಿ ಜಲ್ಲಿ ಕೂಡಿಕೊಂಡಂತೆ ಬಂಡೆಯೊಳಗೆ ಉರುಟು ಕಲ್ಲುಗಳು ಹುದುಗಿವೆ. ಕಲ್ಲು ಉರುಟಾಗಬೇಕಾದರೆ ಹರಿಯುವ ನೀರು ಅದನ್ನು ಉರುಳಿಸಿರಬೇಕು. ನೀರು ಉರುಳಿಸಬೇಕಾದರೆ ಮೇಲೆಲ್ಲಿಯೋ ದಿನ್ನೆಯಿರಬೇಕು. ಅಂದರೆ ಈ ಬೆಟ್ಟಗಳಿಗಿಂತ ಹಿಂದೆಯೂ ಇಲ್ಲಿ ನೆಲವಿತ್ತು, ಅದೂ ಸವೆಯುತ್ತಿತ್ತು. ಹೀಗೆ ಸವೆದು ಬಂದ ಮಣ್ಣು ಮರಳುಗಳೂ ಕಬ್ಬಿಣ, ಸುಣ್ಣಗಳೂ ಆ ಹಳೆಯ ಕಡಲಿನಲ್ಲಿ ಪದರಪದರವಾಗಿ ಕೂತವು. ಭೀಮಸಮುದ್ರದ ಕಡೆಯ ಕಬ್ಬಿಣದ ಅದಿರು, ಹೊಸದುರ್ಗದ ಸೀಮೆಯ ಸುಣ್ಣಕಲ್ಲು, ಇವೆಲ್ಲ ಆ ಸಂಸಾರದವೇ. ಈ ಶಿಲಾಪಟ್ಟಿಯ ಸುಣ್ಣಕಲ್ಲಿನಲ್ಲಿ ಪಾಚಿಯಂತಹ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳೂ ಸಿಕ್ಕಿವೆ. ಗಿಡಮರ, ಮೀನು, ಹುಳುಹುಪ್ಪಟೆ ಯಾವುದೂ ಇಲ್ಲದ ಲೋಕದಲ್ಲಿ ಇದ್ದ ಜೀವ ಅದೊಂದೇ.

ಮೂರನೆಯ ಸಾಕ್ಷಿಗೆ ಮಾರಿಕಣಿವೆಗೆ ಹೋಗೋಣ. ವೇದಾವತಿ ನದಿ ಗುಡ್ಡಸಾಲನ್ನು ಕೊರೆದುಕೊಂಡು ಹೊರಬರುವ ಇಕ್ಕಟ್ಟಿಗೆ ೧೮೯೮ರಿಂದ ೧೯೦೭ರವರೆಗೆ ಅಣೆಕಟ್ಟು ಕಟ್ಟಿದರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ೧೯೩೩ರ ಬಳಿಕ ೨೦೨೨ರಲ್ಲಿ ಅದು ಕೋಡಿ ಬಿದ್ದಾಗ ಊರೂರಿನ ಜನ ಬಂಡಿ ಕಾರುಗಳಲ್ಲಿ ನೋಡಲು ಹೋದರು. ನೀರು ನೋಡಿದವರಲ್ಲಿ ಎಷ್ಟು ಮಂದಿ ಪಕ್ಕದ ಗುಡ್ಡ ನೋಡಿದರೋ! ಈ ಪಟ್ಟಿಯ ಗುಡ್ಡಗಳು ಬಹುಮಟ್ಟಿಗೆ ಉತ್ತರ ದಕ್ಷಿಣವಾಗಿ ಸಾಲುಗಟ್ಟಿವೆ. ನೀರಿನ ತಳದಲ್ಲಿ ಚಾಪೆಯಂತೆ ಮಲಗಿದ್ದ ಪದರಗಳು ಎಷ್ಟೋ ಕಡೆ ಕಪಾಟಿನ ಪುಸ್ತಕಗಳಂತೆ ನೆಟ್ಟಗೆ ನಿಂತಿವೆ. ಚಾಪೆಯ ಎರಡು ಕೊನೆಗಳನ್ನು ಹಿಡಿದು ನಡುವಿಗೆ ನೂಕಿದರೆ ಅದು ಮಡಿಸಿ ಏಳುತ್ತದೆ. ಮಡಿಕೆಯ ಸಾಲು ನೂಕಿದ ದಿಕ್ಕಿಗೆ ಅಡ್ಡಲಾಗಿರುತ್ತದೆ. ಸಾಲು ಉತ್ತರ ದಕ್ಷಿಣವಾದರೆ ನೂಕು ಬಂದದ್ದು ಮೂಡಣ ಪಡುವಣಗಳಿಂದ.

ನೂಕಿದವರು ಯಾರು? ನಮ್ಮ ಶಿಲಾಪಟ್ಟಿಯ ಮೂಡಣ ಅಂಚಿನಲ್ಲಿ ಬಂಡೆಗಳು ಅರೆದು ಉಜ್ಜಿಹೋದ ಒಂದು ಉದ್ದನೆಯ ಗೀಟಿದೆ. ಅದರ ಪಡುವಣ ಕಡೆಯ ನೆಲದ ಹಳೆಯ ಬಂಡೆಗಳು ೩೦೦ ಕೋಟಿ ವರ್ಷಗಳನ್ನು ಮೀರಿದವು. ಮೂಡಣ ಕಡೆ ಹೆಚ್ಚಾಗಿ ಹಬ್ಬಿರುವುದು ೨೫೦ರಿಂದ ೨೭೦ ಕೋಟಿ ವರ್ಷಗಳ ಗ್ರಾನೈಟು. ಹೀಗೆ ವಯಸ್ಸಿನಲ್ಲಿಯೂ ಗುಣದಲ್ಲಿಯೂ ಬೇರೆಯಾದ ಎರಡು ನೆಲಗಳು ಇಲ್ಲಿ ಅಂಟಿಕೊಂಡಿವೆ. ಇಂದಿನ ಕರ್ನಾಟಕವೆಂಬ ನೆಲ ಎರಡು ತುಂಡುಗಳ ಹೊಲಿಗೆ. ಆ ಹೊಲಿಗೆಯ ದಾರ ನಮ್ಮ ಜಿಲ್ಲೆಯ ಮೇಲೆ ಹಾಯ್ದಿದೆ.

ನಾಲ್ಕನೆಯ ಸಾಕ್ಷಿ ಎಲ್ಲರೂ ಕಂಡದ್ದು, ಏಳು ಸುತ್ತಿನ ಕೋಟೆಯ ಬಂಡೆಗಳು. ಚಿತ್ರದುರ್ಗದ ಗ್ರಾನೈಟಿಗೆ ಸುಮಾರು ೨೬೦ ಕೋಟಿ ವರ್ಷ. ಗ್ರಾನೈಟು ನೆಲದ ಮೇಲೆ ಹುಟ್ಟುವ ಕಲ್ಲಲ್ಲ. ಹಲವು ಕಿಲೋಮೀಟರು ಆಳದಲ್ಲಿ ಕರಗಿದ ಬಂಡೆ ಬಹು ನಿಧಾನವಾಗಿ ಆರಿದರೆ ಮಾತ್ರ ಅದರ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತವೆ. ಕೋಟೆಯ ಬಂಡೆಯನ್ನು ಹತ್ತಿರದಿಂದ ನೋಡಿ, ಹರಳುಗಳು ಕಾಣುತ್ತವೆ. ಹಾಗಾದರೆ ಅದು ಆರುವ ಹೊತ್ತಿಗೆ ಅದರ ಮೇಲೆ ಇದ್ದ ಅಷ್ಟು ಕಿಲೋಮೀಟರು ಬೆಟ್ಟ ಎಲ್ಲಿ ಹೋಯಿತು? ಸವೆದುಹೋಯಿತು. ವರ್ಷಕ್ಕೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲು ಸವೆಯುತ್ತದೆಂದು ಇಟ್ಟುಕೊಂಡರೂ ೧೦ ಲಕ್ಷ ವರ್ಷಕ್ಕೆ ೧೦ ಮೀಟರು, ೧೦೦ ಕೋಟಿ ವರ್ಷಕ್ಕೆ ೧೦ ಕಿಲೋಮೀಟರು ಆಗುತ್ತದೆ. ಮೇಲಿನ ಮೂಟೆಗಳು ಇಳಿದಂತೆ ಹರಿಗೋಲು ಏಳುವ ಹಾಗೆ, ಮೇಲಿನ ಭಾರ ಕಡಮೆಯಾದಂತೆ ಕೆಳಗಿನ ಬೇರು ಮೇಲೆದ್ದಿತು. ನಾವು ಇಂದು ಬೆಟ್ಟವೆಂದು ಕರೆಯುತ್ತಿರುವುದು ಹಿಂದಿನ ಪರ್ವತದ ಶಿಖರವಲ್ಲ, ಅದರ ಬುಡ. ಮೆತ್ತನೆಯ ಬಂಡೆ ಸವೆದು ತಗ್ಗಾಯಿತು. ಗಟ್ಟಿಯಾದದ್ದು ಉಳಿದು ಗುಡ್ಡವಾಯಿತು. ಆ ಪರ್ವತ ಎಷ್ಟು ಎತ್ತರವಿತ್ತೆಂದು ನೋಡಿದವರು ಯಾರೂ ಇಲ್ಲ. ಬುಡವನ್ನು ನೋಡಿದವರಿಗೆ ಅದು ಸಾಮಾನ್ಯವಾಗಿರಲಿಲ್ಲವೆಂದು ಮಾತ್ರ ತಿಳಿಯುತ್ತದೆ.

ಭಾರ ಇಳಿದ ಬಂಡೆ ಸಡಿಲವಾಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿದು ಮೂಲೆಗಳನ್ನು ಕೊರೆದು ಬಂಡೆಗಳನ್ನು ದುಂಡಗೆ ಮಾಡುತ್ತದೆ; ಅವುಗಳ ನಡುವೆ 
ಸಂದುಗಳುಳಿಯುತ್ತವೆ. ಹೈದರಾಲಿಯ ಸೈನಿಕರು ನುಸುಳಿದರೆಂದೂ, ಓಬವ್ವ ಒನಕೆ ಹಿಡಿದು ನಿಂತಳೆಂದೂ ನಾವು ಮಕ್ಕಳಿಗೆ ಹೇಳುವ ಆ ಕಿಂಡಿಯೂ ಬಂಡೆಗಳ ನಡುವಿನ ಇಂತಹ ಸಂದೇ. ಅಹಾರ್ಯವೆಂಬ ಬೆಟ್ಟವನ್ನು ಹೊತ್ತೊಯ್ದ ಗುರುತು ಅದು.

ಇಲ್ಲಿಗೆ ಎಲ್ಲವೂ ತೀರ್ಮಾನವಾಯಿತೆಂದು ತಿಳಿಯಬಾರದು. ಪಂಡಿತರಲ್ಲಿ ಪಾಠಾಂತರ ಇರುವಂತೆ ವಿಜ್ಞಾನಿಗಳಲ್ಲಿಯೂ ಇಲ್ಲಿ ಮತಭೇದವುಂಟು. ೨೦೦೦ದಲ್ಲಿ ಚಾಡ್ವಿಕ್, ವಾಸುದೇವ್, ಹೆಗಡೆ ಎಂಬ ಮೂವರು, ಇಂದಿನ ಫಲಕಗಳಂತೆಯೇ ಅಂದಿನ ಫಲಕಗಳೂ ಓರೆಯಾಗಿ ಒತ್ತಿಕೊಂಡದ್ದರಿಂದ ನಮ್ಮ ಈ ನೆಲ ರೂಪುಗೊಂಡಿತೆಂದು ವಾದಿಸಿದರು. ಇನ್ನು ಕೆಲವರು ಹೇಳುವುದು ಬೇರೆ: ಆ ಕಾಲಕ್ಕೆ ಭೂಮಿಯ ಒಡಲು ಇಂದಿಗಿಂತ ಬಹಳ ಬಿಸಿ, ಚಿಪ್ಪು ಮೆತ್ತಗೆ, ಭಾರವಾದ ಲಾವಾದ ರಾಶಿ ಕೆಳಕ್ಕೆ ಕುಸಿದು, ಹಗುರವಾದ ಗ್ರಾನೈಟು ಮೇಲಕ್ಕೆ ಉಬ್ಬಿ, ಪದರಗಳು ಹಾಗೆಯೇ ನೆಟ್ಟಗಾಗಿರಬಹುದು. ಫಲಕಗಳ ಆಟ ಭೂಮಿಯ ಮೇಲೆ ಯಾವಾಗ ಆರಂಭವಾಯಿತೆಂಬುದು ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಿರುವ ಪ್ರಶ್ನೆ. ಆ ಚರ್ಚೆಯಲ್ಲಿ ಸಾಕ್ಷಿ ಹೇಳಬಲ್ಲ ಬಂಡೆಗಳು ಲೋಕದಲ್ಲಿ ಕೆಲವೇ ಕಡೆ ಉಳಿದಿವೆ. ಅವುಗಳಲ್ಲಿ ನಮ್ಮ ದುರ್ಗದ ಸೀಮೆ ಒಂದು.

ಇದರಿಂದ ನಮಗೇನು ಎಂದು ಮನೆಯ ಯಜಮಾನರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇಂಗಳದಾಳಿನ ತಾಮ್ರ ಆ ಕಡಲ ತಳದ ಜ್ವಾಲಾಮುಖಿಗಳ ಕೊಡುಗೆ. ೨೦ನೆಯ ಶತಮಾನದಲ್ಲಿ ಅದನ್ನು ಗಣಿಯಿಂದ ತೆಗೆದರು. ಅದಕ್ಕಿಂತ ಹತ್ತಿರದ ಸಂಗತಿ ನಮ್ಮ ಕೊಳವೆ ಬಾವಿ. ನಮ್ಮ ನೆಲದ ಬಂಡೆ ಮರಳಿನಂತೆ ಮೈತುಂಬ ನೀರು ಹೀರುವುದಲ್ಲ. ಮೇಲಿನ ಸವೆದ ಮಣ್ಣಿನಲ್ಲಿಯೂ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ಅದಕ್ಕೆ ನೀರಿನ ಎಡೆ. ಪರ್ವತ ಏಳುವಾಗಲೂ ಸವೆಯುವಾಗಲೂ ಆದ ಬಿರುಕುಗಳೇ ನಮ್ಮ ನೀರಿನ ಪಾತ್ರೆ. ಒಂದು ಹೊಲದಲ್ಲಿ ನೀರು ಸಿಕ್ಕಿ, ಬದುವಿನಾಚೆಯ ಹೊಲದಲ್ಲಿ ಸಾಲ ಮಾಡಿ ಕೊರೆಸಿದ ಬಾವಿ ಬರಿದಾಗುವುದು ಇದೇ ಕಾರಣಕ್ಕೆ. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಬಿರುಕುಗಳು ಬಿಗಿಯಾಗುತ್ತವೆ. ಆದ್ದರಿಂದ ಇನ್ನೂ ನೂರು ಅಡಿ ಕೊರೆದರೆ ನೀರು ಬಂದೇ ಬರುತ್ತದೆಂಬ ಭರವಸೆಗೆ ಬಂಡೆಯ ಬೆಂಬಲವಿಲ್ಲ. ಪಾತ್ರೆ ಚಿಕ್ಕದಾದ ಕಡೆ ಅದನ್ನು ಮತ್ತೆ ಮತ್ತೆ ತುಂಬಬೇಕು. ಬಂಡೆಗಳ ನಡುವೆ ಹೊಂಡಗಳನ್ನು ಕಟ್ಟಿಸಿದ ನಾಯಕರ ಕಾಲದವರೂ, ‘ಹೊಳಲ್ಕೆರೆ’ ಎಂದು ಊರಿನ ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡ ಹಿರಿಯರೂ ಈ ಶಾಸ್ತ್ರ ಓದಿರಲಿಲ್ಲ. ನೆಲದ ಗುಣವನ್ನು ಬಲ್ಲವರಾಗಿದ್ದರು. ಕೆರೆಯ ಹೂಳೆತ್ತುವುದಕ್ಕೂ ಬೆಟ್ಟದ ಕಥೆಗೂ ಇರುವ ನಂಟು ಇದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಚಂದ್ರವಳ್ಳಿಯ ಶಾಸನವನ್ನು ಯಾರಾದರೂ ಒಡೆದು ಜಲ್ಲಿ ಮಾಡಿದರೆ ನಾವು ಸುಮ್ಮನಿರುವುದಿಲ್ಲ. ಅದರಲ್ಲಿ ಅಕ್ಷರವಿದೆಯೆಂದು ನಮಗೆ ಗೊತ್ತು. ಅಕ್ಷರವಿಲ್ಲದ ಬಂಡೆಯನ್ನು ಒಡೆಯುವುದಕ್ಕೆ ಯಾರಿಗೂ ಮನಸ್ಸು ಅಳುಕುವುದಿಲ್ಲ. ಮನೆಗೆ ಕಲ್ಲು ಬೇಕು, ರಸ್ತೆಗೆ ಜಲ್ಲಿ ಬೇಕು. ಕಲ್ಲೊಡೆಯುವವನ ಹೊಟ್ಟೆಪಾಡನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ಎಲ್ಲ ಕಲ್ಲೂ ಒಂದೇ ಅಲ್ಲ. ಸ್ಮಾರಕದ ಎಲ್ಲೆಯೊಳಗಿನ ದಿಂಬುಗಲ್ಲುಗಳಿಗೆ ಹೆಸರಿನ ಕಾವಲಿದೆ. ಎಲ್ಲೆಯ ಹೊರಗೆ ಇಂತಹ ಸಾಕ್ಷಿ ಎಲ್ಲಿದ್ದರೂ ಅದಕ್ಕೆ ಊರಿನವರ ತಿಳಿವಳಿಕೆಯೊಂದೇ ಕಾವಲು. ಕೆರೆಗೆ ಮತ್ತೆ ನೀರು ಬರಬಹುದು, ಕಡಿದ ಗಿಡ ಮತ್ತೆ ಚಿಗುರಬಹುದು. ಪುಡಿಯಾದ ಬಂಡೆಯನ್ನು ಮತ್ತೆ ಪಡೆಯುವ ಉಪಾಯವಿಲ್ಲ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ. ಈ ಸಾರಿ ಅದನ್ನು ಅಕ್ಷರಶಃ ತೆಗೆದುಕೊಂಡು ಬೆಟ್ಟದ ಹತ್ತಿರ ಹೋಗಿ. ಬಿಡುವಿನ ಒಂದು ದಿನ ಮಕ್ಕಳನ್ನು ಕರೆದುಕೊಂಡು ಮರಡಿಹಳ್ಳಿಯ ಗುಡ್ಡಕ್ಕೆ ಹೋಗಿ ಬನ್ನಿ. ದಿಂಬುಗಲ್ಲಿನ ಉಬ್ಬಿನ ಮೇಲೆ ಅವರು ಕೈಯಾಡಿಸಲಿ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಸುತ್ತಿಗೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗಿ.